ಬಟ್ಟೆಗೆ ಇನ್ನೂರು ಗ್ರಾಂ

ಜನವರಿ 6, ಮಂಗಳವಾರ

ಇವತ್ತು ಇಪ್ಪತ್ತೆಂಟು ಕೂಸು. ಸೊಂಟ ಬಿದ್ದುಹೋಯಿತು. ನಮ್ಮ ಆರೋಗ್ಯ ಕೇಂದ್ರದ ತೂಕದ ರೂಮಿನ ಕಿಟಕಿಗೆ ಗಾಜಿಲ್ಲ, ಚಳಿ ನೇರ ಒಳಗೆ. ಹೀಟರ್ ಕೇಳಿ ಎರಡು ವರ್ಷ. ಗುಮಾಸ್ತರದು ಒಂದೇ ಉತ್ತರ — "ಆಮೇಲೆ ನೋಡೋಣ ಸಿಸ್ಟರ್." ಅವರ ಹೆಸರೇ ಈಗ ಆಮೇಲೆನೋಡೋಣ. ಹಾಗಾಗಿ ಮಕ್ಕಳನ್ನು ಬಟ್ಟೆ ಸಮೇತ ತೂಗಿ, ಬಟ್ಟೆಗೆ ಅಂತ ಇನ್ನೂರು ಗ್ರಾಂ ಕಳೆದು ಕಾರ್ಡಿಗೆ ಬರೆಯುವುದು. ನಾನೇ ಮಾಡಿಕೊಂಡ ಏರ್ಪಾಡು. ಯಾರೂ ತಕರಾರು ಮಾಡಿಲ್ಲ.

ಇಸ್ತ್ರಿ ಅಂಗಡಿಯವಳ ಮಗು, ಎರಡು ತಿಂಗಳ ಹೆಣ್ಣು, ಹೋದ ವಾರಕ್ಕಿಂತ ಒಂದು ಗ್ರಾಮೂ ಏರಿಲ್ಲ. ರೇಗಿಹೋಯಿತು. "ದಿನವಿಡೀ ಇಸ್ತ್ರಿ ಮುಂದೆ ನಿಂತ್ರೆ ಮಗೂಗೆ ಹಾಲು ಕೊಡೋರ್ಯಾರಮ್ಮ? ಮುಂದಿನ ವಾರಾನೂ ಹೀಗೇ ಆದ್ರೆ ಇಲ್ಲಿ ಮೆಟ್ಟಿಲು ಹತ್ತಬೇಡ." ಏನೋ ಹೇಳಲು ಬಾಯಿ ತೆರೆದಳು. ಹಿಂದೆ ಉದ್ದ ಕ್ಯೂ. "ನೆಕ್ಸ್ಟ್" ಅಂದೆ.

ಜನವರಿ 13

ಇಸ್ತ್ರಿಯವಳ ಮಗು ನೂರೈವತ್ತು ಗ್ರಾಂ ಏರಿದೆ! ಬೈದದ್ದು ನಾಟಿದೆ. ಬೈಗುಳದಂಥ ಟಾನಿಕ್ ಇಲ್ಲ ಅಂತ ಮನೆಯಲ್ಲಿ ಇವರಿಗೆ ಹೇಳಿದೆ. "ನಂಗೆ ಮೂವತ್ತು ವರ್ಷದಿಂದ ಕುಡಿಸ್ತಿದ್ದೀಯ, ನಾನ್ಯಾಕೆ ದಪ್ಪ ಆಗ್ಲಿಲ್ಲ?" ಅಂದರು.

ಜನವರಿ 20

ಮತ್ತೆ ನೂರೆಂಬತ್ತು. ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದೆ. ತಲೆ ಎತ್ತಲಿಲ್ಲ — ನಾಚಿಕೆ ಇರಬೇಕು. ಮಗು ಮೈತುಂಬ ಬಟ್ಟೆ ಸುತ್ತಿಕೊಂಡು ನಿದ್ದೆ. ತಕ್ಕಡಿ ಮೇಲೆ ಇಟ್ಟರೂ ಅಳಲಿಲ್ಲ. ಜಾಣೆ.

ಜನವರಿ 27

ಇಸ್ತ್ರಿಯವಳು ಬಂದಿಲ್ಲ. ತೂಕ ಏರಿತಲ್ಲ, ಇನ್ನು ನಾವ್ಯಾಕೆ ಬೇಕು!

ಫೆಬ್ರವರಿ 2, ಸೋಮವಾರ

ಇಸ್ತ್ರಿಯವಳ ಅತ್ತೆ ಬಂದಿದ್ದರು. ಕೈಯಲ್ಲಿ ಕಾರ್ಡು. "ಇದನ್ನ ವಾಪಸ್ ಕೊಡ್ಬೇಕಂತಲ್ಲ ಸಿಸ್ಟರ್."

ಮಗು ಶುಕ್ರವಾರ ಹೋಯಿತಂತೆ.

"ಎರಡು ಗುಟುಕಿಗೇ ಸುಸ್ತಾಗಿ ಬಿಟ್ಬಿಡ್ತಿತ್ತು ಕಣಮ್ಮ. ದೊಡ್ಡಾಸ್ಪತ್ರೆಗೂ ಹೋದ್ವಿ. ಅವ್ರು ಕಾರ್ಡ್ ನೋಡಿ, ತೂಕ ಚೆನ್ನಾಗಿ ಏರ್ತಿದೆಯಲ್ಲ, ಸುಮ್ನೆ ಹೆದರ್ತೀರಿ ಅಂತ ಕಳಿಸಿಬಿಟ್ರು."

"ಹಾಲೇ ಎಳೀದೆ ತೂಕ ಹೇಗೆ ಏರ್ತು?"

"ನೀವು ಮೆಟ್ಟಿಲು ಹತ್ತಬೇಡ ಅಂದಿದ್ರಲ್ಲ... ಒಳಗೆ ಒಂದು ಸ್ವೆಟರ್ ಜಾಸ್ತಿ ಹಾಕಿದ್ಲು. ಆಮೇಲಿನ ವಾರ ಇನ್ನೊಂದು, ಮೇಲೊಂದು ಶಾಲು. ಆಸ್ಪತ್ರೇಲೂ ಹೆದ್ರಿ ಬಾಯಿ ಬಿಟ್ಟಿಲ್ಲ. ನಂಗೇ ಮೊನ್ನೆ ಹೇಳಿದ್ದು."

ಎರಡು ಬೈಗುಳ ಬೈದು ಹೋಗಿದ್ದರೆ ಚೆನ್ನಾಗಿತ್ತು. ಕೈ ಮುಗಿದು ಹೋದರು.

ಫೆಬ್ರವರಿ 3, ಮಂಗಳವಾರ

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ತಕ್ಷಣ ಅವರೇ ಕಿಟಕಿಗೆ ರಟ್ಟು ಹೊಡೆಸಿದರು. ಎರಡು ವರ್ಷ ಬಾರದ ಹೀಟರ್ ಎರಡು ಗಂಟೆಯಲ್ಲಿ ಬಂತು. ಹಾಳಾದ್ದು, ಎಷ್ಟು ಬೆಚ್ಚಗಿತ್ತು ರೂಮು!

ಇನ್ನು ಮೇಲೆ ಮೊದಲು ತಾಯಿಗೆ ಕುರ್ಚಿ. ಮಗು ಹೇಗೆ ಹಾಲೆಳೆಯುತ್ತದೆ ಅಂತ ಕೂತು ನೋಡುವುದು. ಆಮೇಲೆ ಬಟ್ಟೆ ಬಿಚ್ಚಿ ತೂಕ. ಇವತ್ತು ಇಪ್ಪತ್ತಾರು ಮಕ್ಕಳಲ್ಲಿ ಒಂಬತ್ತು ಮಕ್ಕಳು ಕಾರ್ಡಿನಲ್ಲಿ ಬರೆದದ್ದಕ್ಕಿಂತ ಹಗುರ. ಒಬ್ಬಳು ಎದೆ ಬಾತು ಕೀವಾಗಿದೆ ಅಂತ ತೋರಿಸಿದಳು. "ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" "ನೀವು ಕೇಳ್ಲೇ ಇಲ್ವಲ್ಲ ಸಿಸ್ಟರ್."

ಫೆಬ್ರವರಿ 10

ತೂಕ ಮುಗಿಸಿ ಇಸ್ತ್ರಿ ಅಂಗಡಿಗೆ ಹೋದೆ. ಯಾರದೋ ಶರ್ಟು ಇಸ್ತ್ರಿ ಮಾಡುತ್ತಿದ್ದಳು. ಸ್ಟೂಲು ಒರೆಸಿ ಕೊಟ್ಟಳು. ದಾರಿಯುದ್ದ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳೇ ಮೊದಲು —

"ನಂದೇ ತಪ್ಪು ಸಿಸ್ಟರ್. ನಿಮಗೆ ಮೋಸ ಮಾಡ್ಬಿಟ್ಟೆ. ಬೇಜಾರು ಮಾಡ್ಕೋಬೇಡಿ."

ಅವಳು ಎರಡು ಸ್ವೆಟರು, ಶಾಲು ಮಡಿಸಿ ಕೈಗಿಟ್ಟಳು. ಇಸ್ತ್ರಿ ಮಾಡಿಟ್ಟಿದ್ದಳು. "ಯಾವುದಾದ್ರೂ ಮಗೂಗೆ ಕೊಡಿ."

ಫೆಬ್ರವರಿ 11

ಅವನ್ನು ತಕ್ಕಡಿ ಮೇಲೆ ಇಟ್ಟೆ. ನಾನೂರ ಎಪ್ಪತ್ತು ಗ್ರಾಂ. ನಾನು ಏರಿದೆ ಅಂತ ಬರೆದದ್ದು ಮುನ್ನೂರ ಮೂವತ್ತು. ಅಂದರೆ ಆ ಎರಡು ವಾರದಲ್ಲಿ ಮಗು ನೂರ ನಲವತ್ತು ಗ್ರಾಂ ಇಳಿದಿತ್ತು. ನಾನು ಚಪ್ಪಾಳೆ ತಟ್ಟಿಸುತ್ತಿದ್ದೆ.

ಕಾರ್ಡು ಇನ್ನೂ ನನ್ನ ಹತ್ತಿರವೇ ಇದೆ. ಕೊನೆಯ ಕಾಲಂ ಖಾಲಿ — ಸಾವಿನ ಕಾರಣ. ಆಮೇಲೆನೋಡೋಣ ಅವರಿಗೆ ಇವತ್ತು ಭಾರೀ ಅವಸರ. "ನ್ಯುಮೋನಿಯಾ ಅಂತ ಹಾಕಿ ಕಳ್ಸಿ ಸಿಸ್ಟರ್, ಯಾರು ಕೇಳ್ತಾರೆ?"

ಯಾರೂ ಕೇಳುವುದಿಲ್ಲ. ಅದು ಗೊತ್ತು. ಆದರೂ ಸುಳ್ಳು ಬರೆಯುವುದಿಲ್ಲ, ಈ ಕಾರ್ಡಿನಲ್ಲಿ ಈಗಾಗಲೇ ಎರಡು ಬರೆದಾಗಿದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಅದರಲ್ಲಿ.

ಕಾರಣ: ತಾಯಿ ಏನೋ ಹೇಳಲು ಬಾಯಿ ತೆರೆದಾಗ ನಾನು "ನೆಕ್ಸ್ಟ್" ಅಂದೆ.