ತಾನಾಗಿ ತಟ್ಟಿದ ಕೈ

ಮಂಗಳವಾರ, ೧೨ ಮಾರ್ಚ್

ಪ್ರೀತಿಯ ಮಾಮ,

ನಮಸ್ಕಾರ. ನಿಮ್ಮ ಕಾಗದ ಬಂದು ಎಷ್ಟೋ ದಿನವಾಯಿತು, ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡಿ. ಆ ಊರಿನ ಬಾಡಿಗೆ ಕೋಣೆ ಹೇಗಿದೆ, ಮಂಡಿನೋವು ಹೇಗಿದೆ? ಅಮ್ಮ ಹೋದ ಮೇಲೆ ನೀವು ಅಲ್ಲಿ ಹೋಗಿ ಕೂತಿದ್ದು ನನಗೆ ಒಂದು ಚೂರೂ ಇಷ್ಟವಿಲ್ಲ. ವಾಪಸ್ ಬನ್ನಿ ಅಂತ ಪ್ರತಿ ಸಲ ಹೇಳುತ್ತೇನೆ, ನೀವು ಪ್ರತಿ ಸಲ ಮಾತು ತೇಲಿಸುತ್ತೀರಿ. ಇರಲಿ, ಆ ಜಗಳ ಆಮೇಲೆ. ಇವತ್ತು ನನ್ನ ಹತ್ತಿರ ಎಂಥಾ ಸುದ್ದಿ ಇದೆ ಗೊತ್ತಾ! ಫೋನ್ ಮಾಡೋಣ ಅಂದರೆ ನೀವು ಎರಡನೇ ಮಾತಿಗೇ ‘ಸರಿ, ಇಡ್ಲಾ?’ ಅನ್ನುತ್ತೀರಿ. ಕಾಗದವಾದರೆ ಕೊನೆತನಕ ಓದಲೇಬೇಕು.

ನಿನ್ನೆ ನಾನೊಂದು ಜೀವ ಉಳಿಸಿದೆ, ಮಾಮ! ನಾನಲ್ಲ, ನನ್ನ ಕೈ. ಕೈಯೂ ಅಲ್ಲ... ತಾಳಿ, ಮೊದಲಿಂದ ಹೇಳುತ್ತೇನೆ.

ಆಸ್ಪತ್ರೆಯ ಲಾಂಡ್ರಿಯಲ್ಲಿ ನನ್ನ ಪಾಲಿಗೆ ಬಂದಿರುವುದು ದೊಡ್ಡ ಡ್ರೈಯರ್. ಒಗೆದ ಹಾಸಿಗೆ ಬಟ್ಟೆ ಒಣಗಿಸುವ ಯಂತ್ರ, ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗಿ ಕೂರುವಷ್ಟು ಅಗಲ. ಬೆಳಿಗ್ಗೆ ಬಟ್ಟೆ ತುಂಬುವ ಮುಂಚೆ ಖಾಲಿ ಡ್ರಮ್ಮನ್ನೇ ತಿರುಗಿಸಿ ಬಿಸಿ ಮಾಡಿಕೊಳ್ಳಬೇಕು. ಬಾಗಿಲು ಮುಚ್ಚಿರುತ್ತದೆ, ಹಸಿರು ಗುಂಡಿ ಒತ್ತಿದರಾಯಿತು. ನಾನು ಒತ್ತುವ ಮುಂಚೆ ಬಾಗಿಲು ತಟ್ಟುತ್ತೇನೆ. ಯಾಕೆ ಅಂತ ನಿಮಗೆ ಗೊತ್ತು, ಜೊತೆ ಕೆಲಸದವರಿಗೆ ಗೊತ್ತಿಲ್ಲ. ನಮ್ಮ ಮನೆಯವರಂತೂ ‘ಫ್ರಿಜ್ಜಲ್ಲಿರೋ ಹಾಲಿಗೂ ಮರ್ಯಾದೆ ಕೊಡೋಳು ನೀನೊಬ್ಬಳೇ’ ಅಂತ ಆಡಿಕೊಳ್ಳುತ್ತಾರೆ.

ನೆನಪಿದೆಯಾ, ನೀವು ನಮ್ಮ ಮನೆಗೆ ಬಂದ ಹೊಸದು? ಅಮ್ಮ ನಿಮ್ಮನ್ನು ಮದುವೆಯಾಗಿ ಕರೆತಂದು ‘ಮಾಮ ಅನ್ನು’ ಅಂದಾಗ ನಾನು ಮುಖ ಊದಿಸಿಕೊಂಡು ಒಳಕೋಣೆ ಸೇರಿದ್ದೆ. ಆ ಕೋಣೆಗೆ ಬಾಗಿಲೆಲ್ಲಿತ್ತು, ಒಂದು ಪರದೆ ಅಷ್ಟೇ. ನೀವು ಪರದೆ ಪಕ್ಕದ ಗೋಡೆ ತಟ್ಟಿ ‘ಬರಬಹುದಾ?’ ಅಂತ ನಿಂತಿರಿ. ನಾನು ಬೇಕಂತಲೇ ತುಟಿ ಬಿಚ್ಚಲಿಲ್ಲ. ನಿಮ್ಮ ಕೈಯಲ್ಲಿದ್ದ ನನ್ನ ಹಾಲು ತಣ್ಣಗಾಗಿ ಕೆನೆ ಕಟ್ಟಿತು, ನೀವು ಅಲುಗಲಿಲ್ಲ. ಅಮ್ಮ ರೇಗಿದಾಗ ‘ಒಳಗಿರೋರು ಹೂಂ ಅನ್ನೋವರೆಗೂ ಅದು ಅವರ ಜಾಗ’ ಅಂದಿರಿ. ಏಳು ವರ್ಷದ ನನಗೂ ಒಂದು ಜಾಗ ಇದೆ ಅಂತ ಆವತ್ತು ಗೊತ್ತಾಗಿ, ಒಳಗೊಳಗೇ ಎಷ್ಟು ಹಿಗ್ಗಿದ್ದೆ! ಆಮೇಲೆ ನನಗೂ ಅದೇ ಪಾಠ. ಬೆಕ್ಕು ಬಟ್ಟೆ ಬೀರುವಿನಲ್ಲಿ ಮಲಗಲು ಶುರು ಮಾಡಿದ ಮೇಲೆ ಬೀರುವನ್ನೂ ತಟ್ಟಬೇಕಾಯಿತು. ಮರೆತರೆ ನೀವು ಬೈಯುತ್ತಿರಲಿಲ್ಲ, ‘ವಾಪಸ್ ಹೋಗಿ ಇನ್ನೊಂದ್ಸಲ ಬಾ’ ಅನ್ನುತ್ತಿದ್ದಿರಿ. ಎಷ್ಟು ಸಲ ವಾಪಸ್ ಹೋಗಿದ್ದೇನೋ ದೇವರಿಗೇ ಗೊತ್ತು.

ಸರಿ, ನಿನ್ನೆಗೆ ಬರುತ್ತೇನೆ. ನಮ್ಮಲ್ಲೊಬ್ಬ ಮೆಕ್ಯಾನಿಕ್ ಇದ್ದಾನೆ, ಬಾಯಿ ತೆರೆದರೆ ತಮಾಷೆ. ಬೆಳಿಗ್ಗೆ ಎಲ್ಲರೂ ಟೀ ಕುಡಿಯುವಾಗ ‘ಏನಕ್ಕಾ, ಡ್ರೈಯರ್ ಒಳಗೆ ನಿಮ್ಮ ಬೀಗರು ಬಂದು ಇಳ್ಕೊಂಡಿದ್ದಾರಾ? ದಿನಾ ವಿಚಾರಿಸ್ತೀರಲ್ಲ!’ ಅಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಗಂಭೀರವಾಗಿರುವ ಮೇಲ್ವಿಚಾರಕಿಗೂ ನಗು ತಡೆಯಲಾಗಲಿಲ್ಲ. ನನಗೆ ಮುಖ ಎಲ್ಲಿಡಲಿ ಅನ್ನಿಸಿತು. ಸಾಕು ಈ ಹುಚ್ಚು, ಇವತ್ತಿಂದ ತಟ್ಟುವುದಿಲ್ಲ ಅಂತ ಅಲ್ಲೇ ತೀರ್ಮಾನ ಮಾಡಿದೆ. ನಿಜ ಮಾಮ, ಗಟ್ಟಿಯಾಗಿಯೇ ಮಾಡಿದೆ.

ಲೋಟ ತೊಳೆದಿಟ್ಟು ಬಂದೆ. ಡ್ರೈಯರ್ ಬಾಗಿಲು ಮುಚ್ಚಿತ್ತು, ಸುತ್ತ ಫ್ಯಾನುಗಳ ಗದ್ದಲ. ಬಲಗೈ ಗುಂಡಿಯ ಮೇಲಿತ್ತು. ಎಡಗೈ, ನನ್ನನ್ನು ಒಂದು ಮಾತೂ ಕೇಳದೆ, ಹೋಗಿ ಬಾಗಿಲು ತಟ್ಟಿಬಿಟ್ಟಿತು! ಥೂ, ಮತ್ತೆ ತಟ್ಟಿದೆನಲ್ಲ, ಆ ಮೆಕ್ಯಾನಿಕ್ ನೋಡಿದನೋ ಏನೋ ಅಂತ ಹಿಂದೆ ತಿರುಗುವಷ್ಟರಲ್ಲಿ ಒಳಗಿಂದ ಒಂದು ದನಿ:

‘ಯಾರದು?’

ಯಾರದು ಅಂದರೆ! ಡ್ರೈಯರ್ ನನ್ನನ್ನು ಯಾರದು ಅಂತ ಕೇಳುತ್ತಿದೆ!

ಗುಂಡಿಯಿಂದ ಕೈ ಕಿತ್ತುಕೊಂಡು ಬಾಗಿಲು ಎಳೆದೆ. ಒಳಗೆ ಅದೇ ಮೆಕ್ಯಾನಿಕ್! ಡ್ರಮ್ಮಿನ ಹಿಂಭಾಗಕ್ಕೆ ಕರಗಿ ಅಂಟಿದ್ದ ಪ್ಲಾಸ್ಟಿಕ್ ಕೆರೆಯಲು ನುಸುಳಿದ್ದನಂತೆ. ಒಂದು ನಿಮಿಷದ ಕೆಲಸಕ್ಕೆ ಮೇನ್ ಸ್ವಿಚ್ ಯಾಕೆ ಆರಿಸೋದು ಅಂತ ಹಾಗೇ ಬಿಟ್ಟಿದ್ದ. ಟಾರ್ಚ್ ಬೆಳಕಲ್ಲಿ ಕೆರೆಯುತ್ತಿದ್ದವನಿಗೆ ಹಿಂದಿನಿಂದ ಬಾಗಿಲು ಮುಚ್ಚಿಕೊಂಡಿದ್ದು ಗೊತ್ತೇ ಇಲ್ಲ. ಮೈಯೆಲ್ಲ ನೂಲಿನ ಧೂಳು ಮೆತ್ತಿಕೊಂಡು ಅಂಬೆಗಾಲಿಡುತ್ತಾ ಹೊರಗೆ ಬಂದವನು ‘ಓಹೋ, ಅಕ್ಕಾ ನೀವಾ’ ಅಂತ ನಗಲು ಹೋದ. ಆಗ ಹಸಿರು ಗುಂಡಿ ಕಣ್ಣಿಗೆ ಬಿತ್ತು ನೋಡಿ, ಅಲ್ಲೇ ನೆಲಕ್ಕೆ ಕುಸಿದ. ‘ನನ್ನ ಹೆಂಡ್ತಿಗೆ ಹೇಳ್ಬೇಡಿ ಅಕ್ಕಾ, ಸಾಯಿಸಿಬಿಡ್ತಾಳೆ’ ಅಂತ ಅಳತೊಡಗಿದ. ನಾನೂ ಅತ್ತೆ, ನಕ್ಕೆ, ಎರಡೂ ಒಟ್ಟಿಗೆ. ಮೇಲ್ವಿಚಾರಕಿ ಇಬ್ಬರಿಗೂ ನೀರು ಕುಡಿಸಿದರು.

ಮ್ಯಾನೇಜರ್ ಓಡಿ ಬಂದು ‘ಎಂಥಾ ಸಮಯಪ್ರಜ್ಞೆ ನಿಮ್ದು!’ ಅಂದರು. ‘ಪ್ರಜ್ಞೆಯೂ ಇಲ್ಲ ಏನೂ ಇಲ್ಲ ಸಾರ್, ಯೋಚನೆ ಮಾಡಿದ್ರೆ ತಟ್ಟುತ್ತಲೇ ಇರ್ಲಿಲ್ಲ’ ಅಂದೆ. ನಿನ್ನೆಯಿಂದ ನನಗೆ ಮೈ ಜುಮ್ಮೆನ್ನುತ್ತಿರುವುದು ಅದಕ್ಕೇ, ಮಾಮ. ನನ್ನ ಬುದ್ಧಿ ಬೇಡ ಅಂದಿತ್ತು, ನಾಚಿಕೆಯೂ ಬೇಡ ಅಂದಿತ್ತು. ನೀವು ವಾಪಸ್ ಕಳಿಸಿ ಕಳಿಸಿ ತಿದ್ದಿದ ಆ ಪುಟ್ಟ ಹುಡುಗಿ ಮಾತ್ರ ಯಾರ ಮಾತೂ ಕೇಳಲಿಲ್ಲ. ಮೇನ್ ಸ್ವಿಚ್ಚಿಗೆ ಬೀಗ ಹಾಕದೆ ಯಾರೂ ಒಳಗೆ ಹೋಗಕೂಡದು ಅಂತ ಇವತ್ತು ಕಟ್ಟಪ್ಪಣೆಯಾಗಿದೆ. ಜೊತೆಗೆ ಎಲ್ಲರೂ ತಟ್ಟುತ್ತಿದ್ದಾರೆ, ಇಸ್ತ್ರಿ ಮಾಡುವವಳು ತನ್ನ ಊಟದ ಡಬ್ಬಿಯನ್ನೂ ತಟ್ಟಿ ತೆಗೆದಳು!

ಮಂಡಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳಿ, ಸೋಮಾರಿತನ ಬೇಡ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ. ಆ ಮೆಕ್ಯಾನಿಕ್ ಮೇಲೂ ಒಂದಿಷ್ಟು ಇರಲಿ, ಅವನಿಗೆ ಜಾಸ್ತಿ ಬೇಕು.

ನಿಮ್ಮ
ಹಟಮಾರಿ

ತಾ.ಕ.: ಇದು ಮರೆತು ಬಿಟ್ಟಿದ್ದಲ್ಲ, ಧೈರ್ಯ ಸಾಲದೆ ಕೆಳಗೆ ತಳ್ಳಿದ್ದು. ಅಮ್ಮ ತೀರಿಕೊಂಡ ವಾರ ನೀವು ಪೆಟ್ಟಿಗೆ ಕಟ್ಟುತ್ತಾ ‘ಇಷ್ಟು ವರ್ಷ ನಿಮ್ಮಮ್ಮನ ಗಂಡ ಅಂತ ಇಲ್ಲಿದ್ದೆ. ಇನ್ಮೇಲೆ ನಾನು ನಿಂಗೆ ಏನಾಗ್ಬೇಕು, ಹೇಳು?’ ಅಂದಿರಿ. ನಾನು ಮುಖ ಮುಚ್ಚಿಕೊಂಡು ಅಳುತ್ತಿದ್ದೆ. ಯಾವತ್ತೂ ಉತ್ತರಕ್ಕೆ ಕಾಯುವ ನೀವು ಆವತ್ತು ಕಾಯಲಿಲ್ಲ, ಹೊರಟೇಬಿಟ್ಟಿರಿ. ಅದು ನನಗೆ ಇನ್ನೂ ನೋಯುತ್ತದೆ. ನಿನ್ನೆ ಮ್ಯಾನೇಜರ್ ‘ಯಾರು ಕಲಿಸಿದ್ದು ನಿಮಗೆ ಇದನ್ನ?’ ಅಂತ ಕೇಳಿದರು. ‘ನಮ್ಮಪ್ಪ’ ಅಂದೆ. ಯೋಚಿಸಿ ಅಂದಿದ್ದಲ್ಲ, ಅದೂ ತಾನಾಗಿ ಬಂತು. ಈಗ ಇಡೀ ಲಾಂಡ್ರಿಗೆ ಗೊತ್ತು, ನಿಮಗೊಬ್ಬರಿಗೆ ಮಾತ್ರ ಇಲ್ಲಿಯವರೆಗೂ ಹೇಳಿರಲಿಲ್ಲ. ಮನೆಗೆ ಬನ್ನಿ, ಅಪ್ಪ.