ಮೀಟರಿಗೆ ಏರಿಸಿದ ಹೂವು

ವಿಜಾಪುರ,
ಮಂಗಳವಾರ, ೨೦ ಅಕ್ಟೋಬರ್ ೧೯೬೪

ನಮ್ಮ ಸೀತಾಳ ಅಪ್ಪನವರಿಗೆ, ನಿಮ್ಮ ಮನೆಯವಳು ಮಾಡುವ ಶರಣು.

ಧಾರವಾಡದ ಮಳೆ ನಿಂತಿತೆ? ನಿಮ್ಮ ಕೆಮ್ಮು ಹೇಗಿದೆ? ಟ್ರೇನಿಂಗ್ ಕಾಲೇಜಿನ ಊಟದಲ್ಲಿ ರೊಟ್ಟಿಯೇ ಇಲ್ಲವೆಂದು ಬರೆದಿದ್ದಿರಿ. ಆ ಕಡೆ ಯಾರಾದರೂ ಬರುವವರಿದ್ದರೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಳಿಸುತ್ತೇನೆ. ಇಲ್ಲಿ ಅತ್ತೆಯವರ ಮೊಣಕಾಲು ನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ಸೀತಾ ಆರಾಮಾಗಿದ್ದಾಳೆ. ಶನಿವಾರದಿಂದ ನಾನೊಬ್ಬಳೇ ಆರಾಮಿಲ್ಲ.

ಗೋಳಗುಮ್ಮಟ ನೋಡಲು ಬರುವವರಿಗೆ ಹೊರಗಿನ ಎರಡು ಕೋಣೆ ಬಾಡಿಗೆಗೆ ಕೊಡೋಣವೆಂದು ನೀವೇ ಕರೆಂಟು ಹಾಕಿಸಿ ಹೋದಿರಿ. ಕೋಣೆ ಕೊಡುವುದು ಸುಲಭ, ಕರೆಂಟು ಕಾಯುವುದು ಕಷ್ಟ. ರಜೆಗೆ ಬಂದವರದು ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ. ಹಗಲೇ ದೀಪ ಹಚ್ಚಿಟ್ಟು ಊರು ನೋಡಲು ಹೊರಟುಬಿಡುತ್ತಾರೆ. ಸೊಲ್ಲಾಪುರದ ಒಬ್ಬಾಕೆಯಂತೂ ಕರೆಂಟಿನ ಇಸ್ತ್ರಿಯನ್ನೇ ಟ್ರಂಕಿನಲ್ಲಿ ತಂದಿದ್ದಳು! ನಾನು ನಲವತ್ತರ ಬಲ್ಬು ತೆಗೆದು ಹದಿನೈದರದು ಹಾಕಿದೆ. ಮಲಗುವ ಹೊತ್ತಿಗೆ ಅಂಗಳದಲ್ಲಿ ನಿಂತು ಕೆಮ್ಮುತ್ತೇನೆ, ದೀಪ ಆರದಿದ್ದರೆ ಇನ್ನೂ ಜೋರಾಗಿ ಕೆಮ್ಮುತ್ತೇನೆ. ನೀವು ಹೋದ ಮೇಲಿನ ನಾಲ್ಕು ತಿಂಗಳೂ ಬಿಲ್ಲು ಮೂರು ರೂಪಾಯಿ ದಾಟಲಿಲ್ಲ. ಓಣಿಯಲ್ಲೆಲ್ಲ ಹೇಳಿಕೊಂಡು ಬಂದೆ, ನಗಬೇಡಿ.

ಮೊನ್ನೆ ಖಂಡೇಪೂಜೆಗೆ ಕುಡುಗೋಲು, ಬೀಸುವ ಕಲ್ಲು, ನಿಮ್ಮ ಸೈಕಲ್ಲು ಎಲ್ಲಕ್ಕೂ ಹೂವೇರಿಸಿದ್ದೆ. ಅತ್ತೆಯವರು ಕಟ್ಟೆಯ ಮೇಲಿಂದಲೇ, “ಮನೀಗೆ ರೊಕ್ಕಾ ತರೂದು ಆ ಕರೆಂಟಿನ ಡಬ್ಬಿ, ಅದಕ್ಕೂ ಎರಡು ಹೂವ ಏರಿಸವ್ವಾ” ಎಂದರು. ನನಗೂ ಸರಿಯೆನಿಸಿತು. ಸ್ಟೂಲು ಹತ್ತಿ ಮೀಟರಿಗೆ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂವಿನ ಮಾಲೆಯನ್ನು ಸೀಸದ ಸೀಲಿನ ಸಣ್ಣ ತಂತಿಗೇ ಬಿಗಿದು ಕಟ್ಟಿದೆ. ಶನಿವಾರ ಮೀಟರು ಓದಲು ಬಂದ ಅಲ್ಲಾಉದ್ದೀನ ಮಾಲೆ ಸರಿಸಿ ಸೀಲಿನ ತಂತಿ ಹಿಡಿದು ತೋರಿಸಿದ. “ಬಾಯಾರ, ಸೀಲ್ ಹರದೈತ್ರಿ. ಸಾಹೇಬ್ರು ಕರೆಂಟ್ ಕದ್ದಾರ ಅಂತ ಬರೀತಾರ. ಮೀಟರ್ ಮಾಸ್ತರ ಹೆಸರೀಲೆ ಐತಿ, ಸರ್ಕಾರಿ ನೌಕ್ರಿಗೆ ಕುತ್ತು ಬರತೈತ್ರಿ” ಎಂದ. “ಹೂವ ಕಟ್ಟೂವಾಗ ನಾನಽ ಹರದೀನ್ರಿ” ಎಂದುಬಿಟ್ಟೆ.

ನಿನ್ನೆ ಕರೆಂಟ್ ಆಫೀಸಿನ ಸಾಹೇಬರು ಬಂದು ನೋಡಿ ಹೋದರು. ಹೂವು ಕಟ್ಟುವಾಗ ನಾನೇ ಹರಿದೆನೆಂದು ಬರೆದು ಸಹಿ ಮಾಡಿಕೊಡಲು ಗುರುವಾರ ಆಫೀಸಿಗೆ ಬರಬೇಕಂತೆ. ನಂಬಿದರೆ ದಂಡ ಕಟ್ಟಿಸಿಕೊಂಡು ಬಿಡುತ್ತಾರೆ, ನಂಬದಿದ್ದರೆ ನಿಮ್ಮ ಮೇಲೆ ಕೇಸು. ತಿಕೋಟಾದಿಂದ ಅಣ್ಣ ಗುರಲಿಂಗಪ್ಪನನ್ನು ಜೊತೆಗೆ ಕರೆಸಿದ್ದೇನೆ. ದೀಪಾವಳಿಗೆ ಕೋಣೆ ಕೇಳಿದ್ದ ಪುಣೆಯವರಿಗೆ ಬರಬೇಡಿರೆಂದು ಬರೆದೆ. ಎರಡು ಕೋಣೆಯ ಆಸೆಗೆ ನಿಮ್ಮ ನೌಕರಿ ಹೋದರೆ ನಾವು ಯಾರ ಬಾಗಿಲಿಗೆ ಹೋಗಬೇಕು? ನನಗೆ ಬಹಳ ಹೆದರಿಕೆಯಾಗಿದೆ.

ಅತ್ತೆಯವರು ಆಶೀರ್ವಾದ ತಿಳಿಸಿದ್ದಾರೆ. ಸೀತಾ ಧಾರವಾಡದ ಪೇಢೆ ಕೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಉಣ್ಣಿರಿ.

ನಿಮ್ಮ
ಗೌರಾಬಾಯಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಸೀಲು ನಾನು ಹರಿಯಲಿಲ್ಲ. ಹೂವು ಕಟ್ಟುವಾಗಲೇ ಅದು ಹರಿದಿತ್ತು, ಹಾಗೇ ಇರುತ್ತದೇನೋ ಅಂದುಕೊಂಡಿದ್ದೆ. ಅಲ್ಲಾಉದ್ದೀನ ಹೋದ ಮೇಲೆ ಮತ್ತೆ ಹತ್ತಿ ನೋಡಿದೆ. ಒಳಗೆ ತಿರುಗುವ ಚಕ್ರಕ್ಕೆ ತಾಗಿ ಅದು ನಿಧಾನವಾಗುವಂತೆ ಪೋಸ್ಟ್ ಕಾರ್ಡಿನ ಒಂದು ಚೂರು ತುರುಕಿಟ್ಟಿತ್ತು. ಅದರ ಮೇಲೆ ನಿಮ್ಮ ಅಕ್ಷರವಿತ್ತು. ಸಾಹೇಬರು ಬರುವ ಮೊದಲೇ ಒಲೆಗೆ ಹಾಕಿದ್ದೇನೆ. ಗುರುವಾರ ತಪ್ಪು ನನ್ನದೇ ಎಂದು ಸಹಿ ಮಾಡುತ್ತೇನೆ. ಈ ಪತ್ರ ಓದಿದ ಕೂಡಲೇ ಸುಟ್ಟುಬಿಡಿ. ಅತ್ತೆಯವರು ಮೂರು ದಿನದಿಂದ, “ನನ್ನ ಮಗಾ ಒಂದು ಸುಳ್ಳು ಆಡಿದಾಂವ ಅಲ್ಲ, ಅಂವನ ಹೆಸರು ಕೆಡಿಸಿದೆಲ್ಲ” ಎಂದು ಬಯ್ಯುತ್ತಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ. ದೀಪಾವಳಿಗೆ ಬಂದಾಗ ಅವರಿಗೆ ನೀವೇ ಹೇಳಬೇಕು.