ಮದುವೆಯಿಂದ ಗುಣವಾಗದ ಬಲಗೆನ್ನೆ

(ಸರಕಾರಿ ದವಾಖಾನೆಯೊಂದರ ಮುಖ್ಯ ವೈದ್ಯಾಧಿಕಾರಿಗಳಿಗೆ ಬಹಿರಂಗ ಪತ್ರ)

ಬಾದಾಮಿ, ಜನವರಿ ೧೯೮೩

ಮಾನ್ಯರೇ,

ನನ್ನ ಮದುವೆಯಾಯಿತು! ದೀಪಾವಳಿ ಕಳೆದ ಮೇಲೆ, ಇಳಕಲ್ಲಿನಲ್ಲಿ, ಬಹಳ ಗದ್ದಲದಿಂದ ಆಯಿತು. ಗಂಡನ ಹೆಸರು ಶಂಕ್ರಪ್ಪ, ಬಾದಾಮಿಯ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾರೆ, ನಕ್ಕರೆ ಇಡೀ ಓಣಿಗೆ ಕೇಳಿಸುತ್ತದೆ, ಮತ್ತು ನಾನು ಎಷ್ಟು ಸುಖವಾಗಿದ್ದೇನೆಂದರೆ ಒಮ್ಮೊಮ್ಮೆ ನನಗೇ ನಾಚಿಕೆಯಾಗುತ್ತದೆ. ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ತಮಗೇ ತಿಳಿಸಬೇಕಿತ್ತು. ಏಕೆಂದರೆ ನನಗೆ ಮದುವೆಯನ್ನು ಔಷಧವೆಂದು ಸೂಚಿಸಿದವರು ತಾವು. ಔಷಧ ಬಹಳ ಚೆನ್ನಾಗಿದೆ. ನೋವು ಇದ್ದ ಹಾಗೆಯೇ ಇದೆ.

ತಮಗೆ ನನ್ನ ನೆನಪಿರಲಾರದು. ತಮ್ಮ ಮುಂದೆ ದಿನವೂ ಎಷ್ಟೋ ಮುಖಗಳು ಬಂದು ನಿಲ್ಲುತ್ತವೆ, ತಾವು ಯಾವುದನ್ನೂ ತಲೆಯೆತ್ತಿ ನೋಡುವುದಿಲ್ಲ. ನಾನು ಇಳಕಲ್ಲಿನ ನೂಲಿನ ವ್ಯಾಪಾರಿಯ ಮಗಳು, ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಓದಿದವಳು, ಬಲಗೆನ್ನೆಯ ನೋವಿನವಳು. ತಮ್ಮ ಊರಿನ ಹೆಸರನ್ನಾಗಲಿ ದವಾಖಾನೆಯ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತಮ್ಮ ಗುರುತು ತಮಗೆ ಸಿಕ್ಕರೆ ಸಾಕು. ಹೊಸ ಸೊಸೆ ಇದನ್ನೆಲ್ಲ ಪತ್ರಿಕೆಗೆ ಬರೆಯುವುದೇ ಎಂದು ತಾವು ಹುಬ್ಬೇರಿಸಬಹುದು. ಕೋಣೆಯೊಳಗೆ ಹೇಳಬೇಕಾದ ಮಾತನ್ನು ಬಾಗಿಲು ತೆರೆದಿಟ್ಟು, ಹೊರಗಿನ ಬೆಂಚಿನವರೆಲ್ಲ ಕೇಳುವಂತೆ ಹೇಳುವ ಪದ್ಧತಿಯನ್ನು ನಾನು ಕಲಿತದ್ದು ತಮ್ಮಿಂದಲೇ.

ಎರಡು ವರ್ಷದ ಹಿಂದೆ ಒಂದು ಮುಂಜಾನೆ ಹಲ್ಲುಜ್ಜುವಾಗ ಇದು ಶುರುವಾಯಿತು. ಕಿವಿಯ ಮುಂದಿನಿಂದ ತುಟಿಯ ಅಂಚಿನವರೆಗೆ, ಬಲಗಡೆ ಮಾತ್ರ, ಕರೆಂಟು ಹೊಡೆದ ಹಾಗೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗಿರುತ್ತದೆ; ಆದರೆ ಹೋದದ್ದು ಮತ್ತೆ ಬರುತ್ತದೆ. ತಣ್ಣನೆಯ ಗಾಳಿ ತಾಗಿದರೆ ಬರುತ್ತದೆ, ರೊಟ್ಟಿ ಅಗಿದರೆ ಬರುತ್ತದೆ, ತಲೆಯ ಮೇಲಿನ ಸೆರಗು ಕೆನ್ನೆಗೆ ಸೋಕಿದರೂ ಬರುತ್ತದೆ. ಎರಡು ಹೊಡೆತಗಳ ನಡುವೆ ನಾನು ಎಲ್ಲರಂತೆಯೇ ನಗುತ್ತೇನೆ, ಹರಟುತ್ತೇನೆ. ಅದೇ ನನ್ನ ದೊಡ್ಡ ಅಪರಾಧವಾಯಿತು. ನರಳುತ್ತ ಬರಬೇಕಾದವಳು ನಗುತ್ತ ಬಂದರೆ ತಾವಾದರೂ ಹೇಗೆ ನಂಬುತ್ತೀರಿ?

ಮೊದಲ ಸಲ ತಾವು ನನ್ನ ಮಾತು ಮುಗಿಯುವ ಮೊದಲೇ ‘ಹಲ್ಲು’ ಎಂದಿರಿ. ಬಾಗಲಕೋಟೆಯಲ್ಲಿ ಹಲ್ಲಿನ ಡಾಕ್ಟರೊಬ್ಬರು ನನ್ನ ದವಡೆಯನ್ನು ತಟ್ಟಿ ನೋಡಿ, “ಹಲ್ಲೇನೋ ಗಟ್ಟಿ ಅದಾವು, ಆದ್ರ ಸಾಹೇಬ್ರ ಕೀಳಂದಾರ,” ಎನ್ನುತ್ತ ಎರಡು ಒಳ್ಳೆಯ ದವಡೆ ಹಲ್ಲುಗಳನ್ನು ಕಿತ್ತರು. ಹಲ್ಲು ಹೋಯಿತು, ನೋವು ಉಳಿಯಿತು. ಅಪ್ಪ ನನ್ನನ್ನು ಮತ್ತೆ ತಮ್ಮ ಬಳಿ ಕರೆತಂದರು. ಆಗ ತಾವು ನನ್ನನ್ನು ಬಿಟ್ಟು ಅಪ್ಪನಿಗೆ ಹೇಳಿದಿರಿ:

“ಇಂಗ್ಲಿಷ್ ಮೀಡಿಯಂ ಹುಡುಗಿಯರಿಗೆ ಹೀಗೇ ರೀ. ಕಾದಂಬರಿ ಜಾಸ್ತಿ ಓದ್ತಾರೆ, ನರ ಸೂಕ್ಷ್ಮ ಆಗಿಬಿಡುತ್ತೆ. ಬೇಗ ಮದುವೆ ಮಾಡಿಬಿಡಿ, ಎಲ್ಲಾ ಸರಿಹೋಗುತ್ತೆ.”

“ಖರೇನ್ರಿ ಸಾಹೇಬ್ರ?” ಎಂದರು ಅಪ್ಪ.

“ಬರ್ಕೊಡ್ಬೇಕಾ?” ಎಂದಿರಿ ತಾವು. ಬೆಂಚಿನ ಮೇಲೆ ನಮ್ಮ ದೊಡ್ಡವ್ವನೂ ಕುಳಿತಿದ್ದಳು. ದೊಡ್ಡವ್ವ ಕೇಳಿದ್ದನ್ನು ಇಳಕಲ್ ಕೇಳದೆ ಇರುವುದಿಲ್ಲ.

ಮಾನ್ಯರೇ, ಬಲಗೆನ್ನೆಯನ್ನು ಮಾತ್ರ ಕೆಡಿಸುವ ಕಾದಂಬರಿ ಯಾವುದು? ಅದೇ ಪುಸ್ತಕಗಳನ್ನು ಓದಿದ ಎಡಗೆನ್ನೆ ಏಕೆ ಸುಮ್ಮನಿದೆ? ನರ ಸೂಕ್ಷ್ಮವಾಗಿದೆ ಎಂದು ತಮಗೆ ಅಷ್ಟು ಖಚಿತವಾಗಿ ಗೊತ್ತಿದ್ದರೆ ಆ ನರವನ್ನೇ ಪರೀಕ್ಷಿಸಬಾರದಿತ್ತೇ?

ಗಂಡಿನವರು ನೋಡಲು ಬಂದಾಗ, ಅಪ್ಪ ಬೇಡವೆಂದು ಕಣ್ಣು ಬಿಟ್ಟರೂ, ನಾನೇ ನೋವಿನ ವಿಷಯ ಹೇಳಿದೆ. ಶಂಕ್ರಪ್ಪನವರು “ಯಾವ ಕಡೆ?” ಎಂದರು. ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ತಾವೂ ಕೇಳಿರಲಿಲ್ಲ. ನಾನು ಅಲ್ಲೇ ಒಪ್ಪಿಬಿಟ್ಟೆ! ಅವರು ತಂದ ಅಮೀನಗಡದ ಕರದಂಟನ್ನು ಅಗಿಯಲು ಮಾತ್ರ ನನ್ನಿಂದಾಗಲಿಲ್ಲ.

ಅರಿಶಿಣ ಹಚ್ಚುವ ದಿನ ಹೆಂಗಸರ ಕೈ ಬಲಗೆನ್ನೆಗೆ ಬಿದ್ದದ್ದೇ ತಡ, ನಾನು ಚೀರಿದೆ. ಕಣ್ಣೀರು ಧಾರೆಯಾಗಿ ಸುರಿಯಿತು. “ತವರ ಬಿಡೂ ಸಂಕಟ ನೋಡ್ರವ್ವಾ! ಈಗಿನ ಹುಡಿಗ್ಯಾರು ಅಳೂದ ಇಲ್ಲ. ಇಕಿ ನೋಡ್ರಿ, ಎಷ್ಟ ಛಂದ ಅಳತಾಳ!” ಎಂದು ಮೆಚ್ಚಿಕೊಂಡು ಇನ್ನಷ್ಟು ಹಚ್ಚಿದರು.

ಬಾದಾಮಿಯಲ್ಲಿ ಮನೆ ತುಂಬಿಸಿಕೊಳ್ಳುವಾಗ ನಾದಿನಿ ನೀಲವ್ವ ಹೊಸ್ತಿಲಿಗೆ ಅಡ್ಡ ನಿಂತಳು. ಹೊಸ ಸೊಸೆ ಒಡಪು ಕಟ್ಟಿ ಗಂಡನ ಹೆಸರು ಹೇಳಿದ ಮೇಲೆಯೇ ಒಳಗೆ ಬಿಡುವುದು ನಮ್ಮ ಕಡೆಯ ರೂಢಿ. “ಅಣ್ಣನ ಹೆಸರ ಹೇಳಿ ಒಳಗ ಬಾ ವೈನಿ. ಇಲ್ಲಾಂದ್ರ ಇಳಕಲ್ ಬಸ್ಸು ಇನ್ನೂ ಹೊಂಟಿಲ್ಲ!” ಎಂದಳು. ನಾನು ವಾರಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದೆ:

“ಇಳಕಲ್ಲ ಸೀರಿ ಸೆರಗ ಕೆಂಪ,
ಬಾದಾಮಿ ಹೊಂಡದ ನೀರ ತಂಪ,
ನಮ್ಮ ಶಂಕ್ರ...”

ಹೊಂಡದ ಕಡೆಯಿಂದ ಗಾಳಿ ಬೀಸಿತು, ಹೊಡೆತ ಬಿತ್ತು. ಹೆಸರು ಅರ್ಧಕ್ಕೇ ನಿಂತಿತು.

“ಯಾವ ಶಂಕ್ರ ಯವ್ವಾ? ನಮ್ಮ ಓಣ್ಯಾಗ ಮೂರು ಮಂದಿ ಅದಾರ!” ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನನ್ನನ್ನು ಕಳಿಸಲು ಬಂದಿದ್ದ ದೊಡ್ಡವ್ವ ಮಾತ್ರ ನಗಲಿಲ್ಲ. “ಗಂಡನ ಹೆಸರ ಬಾಯಾಗ ಬರವಲ್ದು,” ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದಳು. “ಹುಡಿಗಿಗೆ ಮನಸಿಲ್ಲ.”

ಅಲ್ಲಿಂದ ಮುಂದಿನದು ತಮ್ಮ ಚಿಕಿತ್ಸೆಯ ಫಲ. ಡಾಕ್ಟರು ಮದುವೆ ಮಾಡಿ ಎಂದರು, ಮಾಡಿದರು, ನೋವು ಹೋಗಲಿಲ್ಲ. ಆದ್ದರಿಂದ ಡಾಕ್ಟರ ಮಾತು ತಪ್ಪು ಎಂದು ಯಾರಾದರೂ ಅಂದುಕೊಂಡರೇ? ಇಲ್ಲ. ಗಂಡ ಹೊಂದಲಿಲ್ಲ ಎಂದರು! ತಮ್ಮ ಕುರ್ಚಿಗಿರುವ ಮರ್ಯಾದೆ ಅಂಥದ್ದು. ಹೋದ ವಾರ ದೊಡ್ಡವ್ವ ಬಾದಾಮಿಗೇ ಬಂದು ಪಡಸಾಲೆಯಲ್ಲಿ ಕುಳಿತು, “ಸ್ವಲ್ಪ ದಿನ ತವರಾಗ ಇರಲಿ. ಮುಂದಿಂದು ಹಿರ್‍ಯಾರು ಕುಂತು ಮಾತಾಡೂಣು,” ಎಂದಳು. ಅಪ್ಪನೇ ಹೇಳಿ ಕಳಿಸಿದ್ದರಂತೆ. ಹಿರಿಯರು ಕುಳಿತು ಮಾತಾಡುವುದು ಎಂದರೆ ಏನೆಂದು ಈ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಮದುವೆ ಮುರಿಯುವ ಮೊದಲು ನಮ್ಮಲ್ಲಿ ಹಾಗೆ ಕೂರುತ್ತಾರೆ.

ಆ ದಿನ ಸಂಜೆ ಶಂಕ್ರಪ್ಪನವರು ನನಗಾಗಿ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ನೆನೆಹಾಕುತ್ತ, ನನ್ನ ಮುಖ ನೋಡದೆ ಕೇಳಿದರು: “ನನ್ನಿಂದ ಏನರ ತಪ್ಪಾಗೈತೇನು?”

ಹಲ್ಲು ಹೋದದ್ದನ್ನು ಕ್ಷಮಿಸಿದ್ದೇನೆ, ಕಾದಂಬರಿಯ ಮಾತನ್ನೂ ಕ್ಷಮಿಸಿದ್ದೇನೆ. ಈ ಪ್ರಶ್ನೆಯನ್ನು ಆ ಮನುಷ್ಯನ ಬಾಯಲ್ಲಿ ಬರಿಸಿದ್ದಕ್ಕೆ ತಮ್ಮನ್ನು ಕ್ಷಮಿಸುವುದಿಲ್ಲ.

ಮಾರನೆಯ ದಿನವೇ ಅತ್ತೆ ನನ್ನನ್ನು ತಮ್ಮ ದವಾಖಾನೆಗೆ ಎಳೆದುಕೊಂಡು ಬಂದರು. ಇದಾದರೂ ತಮಗೆ ನೆನಪಿರಬೇಕು. ನಾನು ಕೆನ್ನೆ ತೋರಿಸಿದೆ. ತಾವು ಏನನ್ನೋ ಬರೆಯುತ್ತ, “ಮದುವೆ ಆಯ್ತಲ್ಲ? ಒಂದು ಮಗು ಆಗಲಿ, ಎಲ್ಲಾ ಸರಿಹೋಗುತ್ತೆ,” ಎಂದಿರಿ.

“ಅಲ್ರೀ ಸಾಹೇಬ್ರ,” ಎಂದರು ಅತ್ತೆ, “ಸೊಸಿ ಗಲ್ಲಾ ತೋರಸಾಕತ್ತಾಳ, ನೀವು ಹೊಟ್ಟಿ ಯಾಕ ನೋಡಾಕತ್ತೀರಿ?”

“ಇಲ್ಲಿ ಡಾಕ್ಟರ್ ಯಾರಮ್ಮ, ನಾನೋ ನೀವೋ?”

“ನೀವ ಇದ್ರ ನೋಡ್ರಿ ಮತ್ತ!”

ಬೆಂಚು ನಕ್ಕಿತು. ತಾವು ನೋಡಲಿಲ್ಲ. ಗಂಟೆ ಬಾರಿಸಿ ಮುಂದಿನವರನ್ನು ಕರೆದಿರಿ. ಮಗುವಾದ ಮೇಲೂ ನೋವು ಹೋಗದಿದ್ದರೆ ಏನು ಸೂಚಿಸುತ್ತೀರಿ, ಮೊಮ್ಮಗುವೇ?

ಹುಬ್ಬಳ್ಳಿಯ ನರದ ಡಾಕ್ಟರ ಹತ್ತಿರ ನಾವೇ ಹೋಗಬಹುದು. ಹೋಗುತ್ತೇವೆ ಕೂಡ. ನನ್ನ ನೋವಿಗೆ ಒಂದು ಹೆಸರಿದೆ, ಅದನ್ನು ಬಲ್ಲವರು ಎಲ್ಲೋ ಇದ್ದಾರೆ ಎಂದು ನಾನು ನಂಬಿದ್ದೇನೆ. ಆದರೆ ತಾವು ಆಡಿದ ಮಾತನ್ನು ಹುಬ್ಬಳ್ಳಿಯ ಡಾಕ್ಟರು ಹಿಂದಕ್ಕೆ ತೆಗೆದುಕೊಳ್ಳಲಾರರು. ಅದು ತಮ್ಮ ಬಾಯಿಂದಲೇ ಆಗಬೇಕು. ಅದಕ್ಕಾಗಿ ಅಪ್ಪನನ್ನೂ ದೊಡ್ಡವ್ವನನ್ನೂ ತಮ್ಮ ದವಾಖಾನೆಗೇ ಕರೆಸಿದ್ದೇನೆ. ಮೊದಲು ನನ್ನ ಬಲಗೆನ್ನೆಯನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿ. ನಾನು ಚೀರುತ್ತೇನೆ, ಹೆದರಬೇಡಿ. ರೋಗದ ಹೆಸರು ಗೊತ್ತಿದ್ದರೆ ಹೇಳಿ. ಗೊತ್ತಿಲ್ಲದಿದ್ದರೆ, “ನನಗೆ ಗೊತ್ತಿಲ್ಲ, ಇದಕ್ಕೂ ಇವಳ ಗಂಡನಿಗೂ ಸಂಬಂಧವಿಲ್ಲ,” ಎಂದು ಅವರಿಬ್ಬರ ಮುಂದೆ, ಬೆಂಚಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ. ಗೊತ್ತಿಲ್ಲ ಎಂದರೆ ಕುರ್ಚಿ ಮುರಿಯುವುದಿಲ್ಲ. ಅಲ್ಲಿಯವರೆಗೆ ನಾನು ಆ ಬೆಂಚಿನಿಂದ ಏಳುವುದಿಲ್ಲ. ಅತ್ತೆ ಬುತ್ತಿ ಕಟ್ಟಿಕೊಂಡೇ ಬರುತ್ತಾರೆ.

ಇಂತಿ,
ಎರಡು ಹಲ್ಲು ಕಡಿಮೆಯಿದ್ದರೂ ಮಾತು ಕಡಿಮೆಯಾಗದ
ಸೌ. ಗುರುಸಿದ್ದವ್ವ ಶಂಕ್ರಪ್ಪ ಹಳ್ಳೂರ,
ಬರುವ ಸೋಮವಾರ, ಬಾದಾಮಿಯಿಂದ, ಮುಂಜಾನೆಯ ಗದಗ–ಸೊಲ್ಲಾಪುರ ಪ್ಯಾಸೆಂಜರಿಗೆ ತಮ್ಮಲ್ಲಿಗೆ ಹೊರಡುವವಳು.